ಬೆಳ್ವೊಲ-ಕಿಸುಕಾಡು ಪ್ರದೇಶದ ಜೈನ ದತ್ತಿಗಳಲ್ಲಿ ಕರವಿನಾಯಿತಿ ಮತ್ತು ಧರ್ಮಸ್ವಾತಂತ್ರ್ಯ

ಕರ್ನಾಟಕದ ದಾನಶಾಸನಗಳನ್ನು ಅಭ್ಯಸಿಸುವವರು ಸಾಮಾನ್ಯವಾಗಿ ರಾಜವಂಶಾವಳಿ, ಆಚಾರ್ಯಪರಂಪರೆ ಮತ್ತು ಕಾಲನಿರ್ದೇಶ ಇವುಗಳತ್ತ ಹೆಚ್ಚಿನ ಲಕ್ಷ್ಯವನ್ನು ಹರಿಸುತ್ತಾರೆ. ದತ್ತಿಯ ಕಟ್ಟಳೆಗಳನ್ನು ತಿಳಿಸುವ ಕೊನೆಯ ಪಂಕ್ತಿಗಳು ಸಿದ್ಧಮಾದರಿಯ ಮಾತುಗಳೆಂಬ ಭಾವನೆಯಿಂದ ಅವುಗಳನ್ನು ಬೇಗನೆ ದಾಟಿಬಿಡುವುದು ರೂಢಿಯಾಗಿದೆ. ಸರ್ವನಮಸ್ಯ, ಸರ್ವಬಾಧಾಪರಿಹಾರ, ಧಾರಾಪೂರ್ವಕ, ಅಚಾಟಭಟಪ್ರವೇಶ್ಯ ಮೊದಲಾದ ಪದಗಳು ನೂರಾರು ಶಾಸನಗಳಲ್ಲಿ ಪುನರುಕ್ತವಾಗಿರುವುದೇ ಈ ಉಪೇಕ್ಷೆಗೆ ಕಾರಣವಾಗಿರಬಹುದು. ಆದರೆ ಬಸದಿಯೊಂದು ಬದುಕಿ ಉಳಿಯಿತೇ ಅಳಿಯಿತೇ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತಿದ್ದುದು ಪ್ರಶಸ್ತಿಯ ವೃತ್ತಗಳಿಂದಲ್ಲ, ಈ ಪದಗಳಿಂದ.

ಈ ಪದಗಳಲ್ಲಿ ಎರಡು ಬೇರೆ ಬೇರೆ ಅರ್ಥಗಳು ಅಡಗಿವೆ. ಸರ್ವನಮಸ್ಯವೆಂದರೆ ದತ್ತಿಭೂಮಿಯಿಂದ ಅರಸನಿಗೆ ಯಾವ ತೆರಿಗೆಯೂ ಸಲ್ಲಬೇಕಾಗಿಲ್ಲವೆಂಬುದು. ಅಚಾಟಭಟಪ್ರವೇಶ್ಯವೆಂದರೆ ಅರಸನ ಆಳುಗಳು ಆ ಭೂಮಿಯೊಳಕ್ಕೆ ಕಾಲಿಡಕೂಡದೆಂಬುದು. ಮೊದಲನೆಯದು ಹಣದ ಮಾತು, ಎರಡನೆಯದು ಅಧಿಕಾರದ ಮಾತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಕರವಿನಾಯಿತಿ, ಎರಡನೆಯದು ಧರ್ಮಸಂಸ್ಥೆಯ ಆಡಳಿತಸ್ವಾತಂತ್ರ್ಯ. ಇವೆರಡೂ ಒಂದೇ ವಾಕ್ಯದಲ್ಲಿ ಜೊತೆಗೂಡಿ ಬರುವುದರಿಂದ ಒಂದೇ ಎಂಬ ಭ್ರಮೆಯುಂಟಾಗುತ್ತದೆ. ಅವು ಒಂದಲ್ಲವೆಂಬುದಕ್ಕೆ ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಮತ್ತು ಅವುಗಳ ನೆರೆಯ ಊರುಗಳ ದಾಖಲೆಗಳು ಉತ್ತಮ ಸಾಕ್ಷಿಯನ್ನು ಒದಗಿಸುತ್ತವೆ. ಪ್ರಾಚೀನ ಬೆಳ್ವೊಲ-300 ಮತ್ತು ಕಿಸುಕಾಡು-70 ಎಂಬ ನಾಡುಗಳು ಹಬ್ಬಿದ್ದುದು ಈ ಸೀಮೆಯಲ್ಲಿಯೇ.

ಹಳೆಯ ರೋಣ ತಾಲ್ಲೂಕಿನ ನರೇಗಲ್ಲಿನಿಂದ ಪ್ರಾರಂಭಿಸುವುದು ಯುಕ್ತ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 950ರಲ್ಲಿ, ಗಂಗ ಪೆರ್ಮಾಡಿ ಬೂತಯ್ಯನ (ಇಮ್ಮಡಿ ಬೂತುಗನ) ರಾಣಿ ಪದ್ಮಬ್ಬರಸಿ ಇಲ್ಲಿ ಒಂದು ಬಸದಿಯನ್ನು ಕಟ್ಟಿಸಿದ್ದಳು. ಆ ಬಸದಿಗೆ ಸೇರಿದ ದಾನಶಾಲೆಗೆ ನಮಯರ ಮಾರಸಿಂಘಯ್ಯನೆಂಬವನು ಒಂದು ಕೆರೆಯನ್ನು ದತ್ತಿಯಾಗಿ ಬಿಟ್ಟುದನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ದಾನಪಾತ್ರರಾದ ಗುಣಚಂದ್ರಪಂಡಿತರು ದೇಸಿಗಗಣ ಕೊಂಡಕುಂದಾನ್ವಯದವರು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಕೃಷ್ಣನು ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300, ಕಿಸುಕಾಡು-70, ಬಾಗೆನಾಡು-70 ಇವುಗಳನ್ನು ಮೆಚ್ಚಿ ಕೊಟ್ಟನೆಂದು ಆತಕೂರಿನ ಶಾಸನದಿಂದ ವಿದಿತವಾಗಿದೆ. ಆದ್ದರಿಂದ ಈ ಪ್ರದೇಶದಲ್ಲಿ ಗಂಗರ ರಾಣಿವಾಸವು ಜಿನಾಲಯಗಳನ್ನು ನಿರ್ಮಿಸಿದುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಗಮನಿಸತಕ್ಕುದು ದತ್ತಿಯ ಸ್ವರೂಪ. ಕೊಟ್ಟುದು ಹಣವಲ್ಲ, ಗ್ರಾಮವಲ್ಲ, ಕೆರೆ. ಬಯಲುಸೀಮೆಯ ಈ ನಾಡಿನಲ್ಲಿ ನೀರಿದ್ದಲ್ಲಿ ಬೆಳೆ, ಬೆಳೆಯಿದ್ದಲ್ಲಿ ದಾನಶಾಲೆಯ ಅನ್ನ. ರಾಷ್ಟ್ರಕೂಟರ ಕಾಲದಲ್ಲಿ ಕರ್ನಾಟಕದಲ್ಲಿ ನಿರ್ಮಿತವಾದ ದೇವಾಲಯಗಳಲ್ಲಿ ಅತ್ಯಂತ ದೊಡ್ಡದೆಂದು ಹೇಳಲಾಗುವ ಈ ಬಸದಿ ಇಂದು ನಾರಾಯಣ ದೇವಾಲಯವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದು ಬಸದಿಯಾಗಿತ್ತೆಂಬುದಕ್ಕೆ ಶಾಸನವೇ ಬಾಯಿ.

ನರೇಗಲ್ಲಿಗೆ ದೂರವಲ್ಲದ ಸೂಡಿಯಲ್ಲಿ ದೊರೆತ ತಾಮ್ರಪಟಗಳ ಸಮಸ್ಯೆ ಇದಕ್ಕಿಂತ ಜಟಿಲವಾದುದು. ಶಕ 860ರ, ಎಂದರೆ ಕ್ರಿ.ಶ. 938ರ ಕಾಲವನ್ನು ಹೇಳುವ ಈ ಪಟಗಳ ಪ್ರಕಾರ ಇಮ್ಮಡಿ ಬೂತುಗನು ತನ್ನ ರಾಣಿ ದೀವಳಾಂಬೆ ಸೂಂಡಿಯಲ್ಲಿ ಕಟ್ಟಿಸಿದ ಚೈತ್ಯಾಲಯಕ್ಕೆ 60 ನಿವರ್ತನ ಭೂಮಿಯನ್ನು ಕೊಟ್ಟನು. ಜೆ. ಎಫ್. ಫ್ಲೀಟರು ಇವನ್ನು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಕೂಟಶಾಸನವೆಂಬ ಶೀರ್ಷಿಕೆಯಡಿಯಲ್ಲಿಯೇ ಪ್ರಕಟಿಸಿದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರಿಗೂ ಬಿ. ಎಲ್. ರೈಸರಿಗೂ ನಡೆದ ದೀರ್ಘ ವಾದವಿವಾದವು ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಅಂದಿನಿಂದ ಸೂಡಿಯ ಪಟಗಳು ಗಂಗರ ವಂಶಾವಳಿಗಾಗಿ ಮಾತ್ರ ಎಚ್ಚರಿಕೆಯಿಂದ ಉಲ್ಲೇಖಿತವಾಗುತ್ತ, ದತ್ತಿಯ ಇತಿಹಾಸದಿಂದ ಬಹುತೇಕ ಹೊರಗೆ ಉಳಿದಿವೆ.

ಪಟವು ಕೂಟವೆಂದು ಒಪ್ಪಿದರೂ ಪ್ರಶ್ನೆ ಮುಗಿಯುವುದಿಲ್ಲ, ಅಲ್ಲಿಂದಲೇ ಪ್ರಾರಂಭವಾಗುತ್ತದೆ. ತಾಮ್ರವನ್ನು ತಟ್ಟಿ, ಸಂಸ್ಕೃತ ಬಲ್ಲವನಿಂದ ಪಾಠವನ್ನು ಬರೆಯಿಸಿ, ಅಕ್ಷರಗಳನ್ನು ಕೊರೆಯಿಸುವ ಶ್ರಮವನ್ನು ಯಾವ ಲಾಭಕ್ಕಾಗಿ ಕೈಗೊಂಡರು? ರಾಜಶಾಸನವನ್ನು ಕೃತಕವಾಗಿ ಮಾಡಿದವನಿಗೆ ಮನುಸ್ಮೃತಿ ವಧದಂಡವನ್ನು ವಿಧಿಸಿದೆ. ಹರ್ಷವರ್ಧನನ ಮಧುಬನ ತಾಮ್ರಪಟವು, ಕೂಟಶಾಸನದ ಬಲದಿಂದ ಅನುಭವಿಸಲಾಗುತ್ತಿದ್ದ ಸೋಮಕುಂಡಕಾ ಗ್ರಾಮವನ್ನು ಕಿತ್ತುಕೊಂಡು ಬೇರೆಯವರಿಗೆ ದಾನ ಮಾಡಿದುದನ್ನು ಸ್ಪಷ್ಟವಾಗಿ ಹೇಳುತ್ತದೆ. ಇಷ್ಟು ಅಪಾಯವಿದ್ದರೂ ಪಟವನ್ನು ಮಾಡಿಸಿದರೆಂದರೆ, ಪಟವಿಲ್ಲದೆ ದತ್ತಿ ನಿಲ್ಲುವುದು ಅಸಾಧ್ಯವಾಗಿದ್ದ ಸನ್ನಿವೇಶವೊಂದು ಒದಗಿತ್ತೆಂದೇ ಅರ್ಥ. ಅಂಥ ಸನ್ನಿವೇಶಗಳಲ್ಲಿ ಎರಡು ಬಗೆ. ಇಲ್ಲದ ಹಕ್ಕನ್ನು ಹುಟ್ಟಿಸುವ ಲೋಭ ಒಂದು. ಇದ್ದ ಹಕ್ಕಿನ ಕಳೆದುಹೋದ ಪತ್ರವನ್ನು ಮತ್ತೆ ಬರೆಯಿಸುವ ಸಂಕಟ ಇನ್ನೊಂದು. ಲಿಪಿಶಾಸ್ತ್ರವು ಪಟದ ಕಾಲವನ್ನು ನಿರ್ಣಯಿಸಬಲ್ಲುದೇ ಹೊರತು ಈ ಎರಡರಲ್ಲಿ ಯಾವುದೆಂಬುದನ್ನು ನಿರ್ಣಯಿಸಲಾರದು.

ಸೂಡಿಯ ವಿಷಯದಲ್ಲಿ ಎರಡು ಸಂಗತಿಗಳು ಸಂಕಟದ ಪಕ್ಷಕ್ಕೆ ಒಲಿಯುತ್ತವೆ. ಬೂತುಗನ ರಾಣಿಯೊಬ್ಬಳು ಇದೇ ನಾಡಿನಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ಬಸದಿಯನ್ನು ಕಟ್ಟಿಸಿದಳೆಂಬುದನ್ನು ನರೇಗಲ್ಲಿನ ಶಿಲಾಶಾಸನ ಸ್ವತಂತ್ರವಾಗಿ ಹೇಳುತ್ತದೆ. ಹೀಗಾಗಿ ದೀವಳಾಂಬೆಯ ಚೈತ್ಯಾಲಯದ ಕಥೆ ನಿರಾಧಾರವಾದ ಕಲ್ಪನೆಯೆನ್ನುವಂತಿಲ್ಲ. ಇನ್ನು, ಪಟವು ಹೇಳುವ ದತ್ತಿಯ ಪ್ರಮಾಣ 60 ನಿವರ್ತನ ಮಾತ್ರ. ಲೋಭದಿಂದ ಪಟವನ್ನು ಮಾಡಿಸಿದವನು ಗ್ರಾಮವನ್ನೇ ಬರೆಯಿಸಿಕೊಳ್ಳಬಹುದಾಗಿತ್ತು. ತಾಮ್ರಕ್ಕೆ ತಗಲುವ ವೆಚ್ಚ ಎರಡಕ್ಕೂ ಒಂದೇ. ಇದು ನಿರ್ಣಾಯಕವಾದ ಪ್ರಮಾಣವಲ್ಲದಿದ್ದರೂ ಕೂಟವೆಂಬ ಒಂದೇ ಮಾತಿನಿಂದ ದತ್ತಿಯನ್ನು ತಳ್ಳಿಹಾಕುವುದು ಸರಿಯಲ್ಲವೆಂದು ತೋರಿಸಲು ಸಾಕು.

ಲಕ್ಷ್ಮೇಶ್ವರದ ಶಾಸನಗಳೂ ಈ ದೃಷ್ಟಿಗೆ ಪೋಷಕವಾಗಿವೆ. ಪುಲಿಗೆರೆಯ ಶಂಖಬಸದಿಗೆ ಸಂಬಂಧಿಸಿದಂತೆ ಬಾದಾಮಿ ಚಾಲುಕ್ಯರಾದ ವಿನಯಾದಿತ್ಯ, ವಿಜಯಾದಿತ್ಯ, ಇಮ್ಮಡಿ ವಿಕ್ರಮಾದಿತ್ಯರ ಹೆಸರಿನ ದತ್ತಿಗಳೂ ಗಂಗ ಮಾರಸಿಂಹನ 968ರ ದತ್ತಿಯೂ ಕೆಲವೇ ಶಿಲೆಗಳ ಮೇಲೆ, ಮೊದಲಿನವುಗಳ ಕಾಲಕ್ಕಿಂತ ಬಹಳ ಈಚಿನ ಲಿಪಿಯಲ್ಲಿ ಕೊರೆಯಲ್ಪಟ್ಟಿವೆ. ಫ್ಲೀಟರು ಇವುಗಳ ಬಗೆಗೂ ಸಂಶಯವನ್ನು ವ್ಯಕ್ತಪಡಿಸಿದರು. ಆದರೆ ಇವುಗಳನ್ನು ಒಂದು ಸಂಸ್ಥೆಯ ದಾಖಲೆಗಳ ಸಂಪುಟವೆಂದು ನೋಡಿದರೆ ಸ್ವರೂಪವೇ ಬದಲಾಗುತ್ತದೆ. ಹಸ್ತಪ್ರತಿಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ತಾಳೆಗರಿ ಶಿಥಿಲವಾದಾಗ ಲಿಪಿಕಾರನು ಪ್ರತಿಮಾಡುತ್ತಾನೆ. ಪ್ರತಿಯ ಲಿಪಿ ಈಚಿನದೆಂಬ ಕಾರಣದಿಂದ ಗ್ರಂಥವು ಕೃತಕವೆಂದು ಯಾರೂ ಹೇಳುವುದಿಲ್ಲ. ಶಾಸನಕ್ಕೆ ಮಾತ್ರ ಆ ನ್ಯಾಯವನ್ನು ನಿರಾಕರಿಸುವುದು ಹೇಗೆ? ಅಲ್ಲಲ್ಲಿ ಪಾಠ ಬೆಳೆದಿರಬಹುದು, ಹೆಸರುಗಳು ಪಲ್ಲಟವಾಗಿರಬಹುದು. ಅದು ಪ್ರತಿಕಾರನ ದೋಷವೋ ಉದ್ದೇಶವೋ ಎಂಬುದನ್ನು ಪಂಕ್ತಿ ಪಂಕ್ತಿಯಾಗಿ ಪರೀಕ್ಷಿಸಬೇಕಾಗುತ್ತದೆ.

ದತ್ತಿಪತ್ರಗಳು ಹೇಗೆ ನಷ್ಟವಾಗುತ್ತಿದ್ದವು ಮತ್ತು ಹೇಗೆ ಮತ್ತೆ ಊರ್ಜಿತವಾಗುತ್ತಿದ್ದವು ಎಂಬುದನ್ನು ಅಣ್ಣಿಗೇರಿ ಮತ್ತು ಗಾವರವಾಡದ 1071-72ರ ಶಾಸನಗಳಷ್ಟು ವಿಶದವಾಗಿ ತಿಳಿಸುವ ದಾಖಲೆ ಈ ಭಾಗದಲ್ಲಿ ಮತ್ತೊಂದಿಲ್ಲ. ಬೆಳ್ವೊಲವನ್ನು ಆಳುತ್ತಿದ್ದ ಗಂಗ ಪೆರ್ಮಾಡಿಯು ಅಣ್ಣಿಗೇರಿಯಲ್ಲಿ ಜಿನಾಲಯವನ್ನು ನಿರ್ಮಿಸಿ ಗ್ರಾಮಗಳನ್ನು ಬಿಟ್ಟಿದ್ದನು. ಅನಂತರ ಚೋಳನ ದಂಡು ಬೆಳ್ವೊಲವನ್ನು ಹೊಕ್ಕು ಜಿನಾಲಯಗಳನ್ನು ಸುಟ್ಟಿತು. ಆ ಪಾಪದ ಫಲವಾಗಿ ಚೋಳನು ಚಾಲುಕ್ಯ ಸೋಮೇಶ್ವರನೊಡನೆ ಕಾದಿ ತಲೆಯನ್ನು ಒಪ್ಪಿಸಿದನೆಂದು ಶಾಸನಕವಿ ಹೇಳುತ್ತಾನೆ. ಮಂಡಳಿಕ ಲಕ್ಷ್ಮರಸನು ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿ, ದತ್ತಿಯನ್ನು ಬಲಗಾರಗಣದ ತ್ರಿಭುವನಚಂದ್ರರಿಗೆ ಮತ್ತೆ ಒಪ್ಪಿಸಿದನು. ಹೊಸ ಅರಸು ಇಲ್ಲಿ ಹೊಸ ದಾನವನ್ನು ಮಾಡಲಿಲ್ಲ. ಹಳೆಯ ದಾನವು ಅಳಿದಿಲ್ಲವೆಂದು ಒಪ್ಪಿಕೊಂಡಿತು. ಕಟ್ಟಡ ಸುಟ್ಟರೂ, ಭೂಮಿ ಕೈಬಿಟ್ಟರೂ ದತ್ತಿಯ ಹಕ್ಕು ಉಳಿದಿರುತ್ತದೆಂಬ ತತ್ತ್ವ ಇದರ ಹಿಂದಿದೆ. ಶಾಸನದ ಪಾಠವನ್ನು ಬಸದಿಯಿದ್ದ ಅಣ್ಣಿಗೇರಿಯಲ್ಲಿಯೂ ದತ್ತಿಗ್ರಾಮವಾದ ಗಾವರವಾಡದಲ್ಲಿಯೂ ನಿಲ್ಲಿಸಿದುದು ಅರ್ಥಪೂರ್ಣವಾಗಿದೆ. ಒಂದು ಕಡೆಯ ಕಲ್ಲು ಮತ್ತೆ ಬಿದ್ದರೆ ಇನ್ನೊಂದು ಕಡೆಯದು ಸಾಕ್ಷಿ ನುಡಿಯಲೆಂಬ ಮುಂದಾಲೋಚನೆ ಅದರಲ್ಲಿ ಕಾಣುತ್ತದೆ.

ಇದು ಜೈನ ಸಂಸ್ಥೆಗಳಿಗೆ ಮಾತ್ರ ಸೀಮಿತವಾದ ಪದ್ಧತಿಯಾಗಿರಲಿಲ್ಲ. ಚೋಳರೊಡನೆ ನಡೆದ ಯುದ್ಧಗಳಿಂದ ಶಿಥಿಲವಾಗಿದ್ದ ಸೂಡಿಯ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಕಟ್ಟುಪಾಡನ್ನು 1050ರ ಸುಮಾರಿನಲ್ಲಿ ಪುನಃ ಊರ್ಜಿತಗೊಳಿಸಿದುದನ್ನು ಅಲ್ಲಿಯ ಶಾಸನವೊಂದು ತಿಳಿಸುತ್ತದೆ. ಆಗ ಕಿಸುಕಾಡನ್ನು ಆಳುತ್ತಿದ್ದವಳು ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ. ಇದೇ ಅಕ್ಕಾದೇವಿ 1047ರಲ್ಲಿ ಗೋಕಗೆಯ ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದಾಗ ವಿಕ್ರಮಪುರದ, ಎಂದರೆ ಅರಸಿಬೀದಿಯ, ಗೊಣದಬೆಡಂಗಿ ಜಿನಾಲಯಕ್ಕೆ ದತ್ತಿಯನ್ನು ಬಿಟ್ಟಳು. ದಂಡಿನ ಬೀಡಿನಲ್ಲಿ ಕುಳಿತು ಬಸದಿಯ ಆಹಾರದಾನಕ್ಕೆ ಏರ್ಪಾಡು ಮಾಡುವ ಈ ರಾಜಮಹಿಳೆಯ ವ್ಯಕ್ತಿತ್ವ ಪ್ರತ್ಯೇಕ ಪ್ರಬಂಧಕ್ಕೆ ವಿಷಯವಾಗಬಲ್ಲುದು.

ಎಲ್ಲ ದತ್ತಿಗಳೂ ಪೂರ್ಣ ಕರಮುಕ್ತವಾಗಿದ್ದವೆಂದು ಭಾವಿಸುವುದು ತಪ್ಪಾಗುತ್ತದೆ. ಸರ್ವನಮಸ್ಯವೆಂದು ಒತ್ತಿ ಹೇಳಬೇಕಾಗಿ ಬಂದುದೇ ಹಾಗಲ್ಲದ ದತ್ತಿಗಳೂ ಇದ್ದವೆಂಬುದನ್ನು ಸೂಚಿಸುತ್ತದೆ. ದೇವಭೋಗದ ಭೂಮಿಗಳ ಮೇಲೆ ಅರುವಣವೆಂಬ ನಿಯತವಾದ ಸಣ್ಣ ಮೊತ್ತ ಸಲ್ಲುತ್ತಿದ್ದುದು ಅನೇಕ ಶಾಸನಗಳಿಂದ ತಿಳಿದುಬರುತ್ತದೆ. ಸಿದ್ಧಾಯವು ಭೂಮಿಯ ನಿಶ್ಚಿತ ಕಂದಾಯವಾದರೆ, ಅರುವಣವು ದತ್ತಿಭೂಮಿಯ ಲಘುಕರ. ಇತ್ತ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಒಂದಂಶವನ್ನು ಸುಂಕದ ಅಧಿಕಾರಿಗಳೇ ದೇವಾಲಯಗಳಿಗೆ ಬಿಟ್ಟುಕೊಟ್ಟ ಉದಾಹರಣೆಗಳಿವೆ. ಎಂದರೆ ಅರಸನ ಭಂಡಾರಕ್ಕೂ ದೇವರ ಭಂಡಾರಕ್ಕೂ ನಡುವೆ ಹಣ ಎರಡೂ ದಿಕ್ಕಿನಲ್ಲಿ ಹರಿಯುತ್ತಿತ್ತು. ಅರುವಣವನ್ನು ತೆತ್ತ ಬಸದಿಗೆ ತನ್ನ ಧರ್ಮಕ್ಕೆ ಕುಂದುಂಟಾಯಿತೆಂಬ ಭಾವನೆ ಇದ್ದಂತೆ ಕಾಣುವುದಿಲ್ಲ. ಶಾಪಶ್ಲೋಕಗಳು ಶಪಿಸುವುದು ಅರುವಣವನ್ನು ಪಡೆಯುವ ಅರಸನನ್ನಲ್ಲ. ದತ್ತಿಯನ್ನು ಅಪಹರಿಸುವವನನ್ನು, ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ಬೇರೆಡೆಗೆ ತಿರುಗಿಸುವವನನ್ನು. ಖಂಡಸ್ಫುಟಿತ ಜೀರ್ಣೋದ್ಧಾರ, ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ ಎಂದು ಉದ್ದೇಶಗಳನ್ನು ಹೆಸರಿಸಿ ಬರೆದುದು ಈ ಕಾರಣದಿಂದಲೇ. ದೇವದ್ರವ್ಯವು ಬೇರೆ ಕಾರ್ಯಕ್ಕೆ ಸಲ್ಲದೆಂಬ ಜೈನ ಸಿದ್ಧಾಂತಕ್ಕೂ ಶಾಸನಗಳ ಈ ಕಟ್ಟಳೆಗೂ ಬೇರು ಒಂದೇ.

1368ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದದಲ್ಲಿ ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಎತ್ತಿಹಿಡಿದುದು ಪ್ರಸಿದ್ಧವಾದ ಸಂಗತಿ. ಅದೇ ಶಾಸನದ ಆರ್ಥಿಕ ಕಟ್ಟಳೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನಿಟ್ಟು, ಉಳಿದುದನ್ನು ಜೀರ್ಣವಾದ ಜಿನಾಲಯಗಳ ಸುಣ್ಣ-ದುರಸ್ತಿಗೆ ಬಳಸತಕ್ಕುದೆಂದು ಗೊತ್ತುಪಡಿಸಲಾಯಿತು. ಅದನ್ನು ಎತ್ತುವ ಹೊಣೆ ತಿರುಮಲೆಯ ತಾತಯ್ಯನದು. ತೆರುವವರು ಯಾವ ಧರ್ಮದವರೋ ಆ ಧರ್ಮಕ್ಕೇ ಅದು ಸಲ್ಲುತ್ತಿತ್ತು. ಎತ್ತುವವನು ಮಾತ್ರ ವೈಷ್ಣವ. ಹಣವನ್ನು ಕೊಡುವುದರಿಂದ ಸ್ವಾತಂತ್ರ್ಯ ಹೋಗುವುದಿಲ್ಲ, ಹಣವು ಎಲ್ಲಿಗೆ ಸಲ್ಲುತ್ತದೆಂಬುದರಲ್ಲಿ ಅದು ನಿಂತಿದೆಯೆಂಬ ತಿಳಿವಳಿಕೆ ಈ ಕಟ್ಟಳೆಯಲ್ಲಿ ಸ್ಪಷ್ಟವಾಗಿದೆ.

ಬಹಮನಿ, ಆದಿಲಶಾಹಿ ಮತ್ತು ಮರಾಠರ ಕಾಲದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ದತ್ತಿಯ ದೃಷ್ಟಿಯಿಂದ ಮುಖ್ಯವಾದುದು ದಾಖಲೆಯ ಭಾಷೆ ಮತ್ತು ಲಿಪಿ ಬದಲಾದುದು. ಕಲ್ಲಿನ ಕನ್ನಡದ ಸ್ಥಾನದಲ್ಲಿ ಕಾಗದದ ಪಾರ್ಸಿ ಫರಮಾನುಗಳೂ ಮೋಡಿಯ ಸನದುಗಳೂ ಬಂದವು. ಸೀಮೆಯ ಒಡೆತನವೂ ಪದೇ ಪದೇ ಕೈಬದಲಾಯಿತು. ನರಗುಂದದ ವೆಂಕಟರಾವ ಭಾವೆಯಿಂದ ಹೆಚ್ಚಿನ ಪೇಶ್ಕಷನ್ನು ಟಿಪ್ಪೂಸುಲ್ತಾನನು ಕೇಳಿದುದೇ 1785ರ ಮುತ್ತಿಗೆಗೆ ನಿಮಿತ್ತವಾಯಿತು. ಆ ಯುದ್ಧ ಕೊನೆಗೊಂಡುದು 1787ರ ಗಜೇಂದ್ರಗಡದ ಒಪ್ಪಂದದಿಂದ. ಹೀಗೆ ಒಡೆಯರು ಬದಲಾದಾಗಲೆಲ್ಲ ಇನಾಮುದಾರನು ತನ್ನ ಪತ್ರವನ್ನು ಮತ್ತೆ ತೋರಿಸಬೇಕಾಗುತ್ತಿತ್ತು. ಬಸದಿಗಳ ಭಂಡಾರಗಳಲ್ಲಿ ಷಟ್ಖಂಡಾಗಮ, ಆರಾಧನೆಗಳ ಓಲೆಗಳ ಮಗ್ಗುಲಲ್ಲಿ ಕಟ್ಟಿಟ್ಟ ಕಡತ-ಕಾಗದಗಳನ್ನು ಸೂಚೀಕಾರರು ಶಾಸ್ತ್ರಗ್ರಂಥವಲ್ಲವೆಂದು ಕೈಬಿಡುವುದುಂಟು. ದತ್ತಿಯ ಇತಿಹಾಸಕ್ಕೆ ಅವೇ ಮೂಲ.

ಬ್ರಿಟಿಷರ ಆಡಳಿತದಲ್ಲಿ ಪತ್ರದ ಪರೀಕ್ಷೆಯು ಒಂದು ಇಲಾಖೆಯ ಕಾರ್ಯವೇ ಆಯಿತು. ಮುಂಬಯಿ ಪ್ರಾಂತದಲ್ಲಿ 1852ರ 11ನೆಯ ಕಾಯಿದೆಯ ಮೂಲಕ ಇನಾಮ್ ಕಮಿಷನ್ ಅಧಿಕಾರವನ್ನು ಪಡೆದು, ತೆರಿಗೆಯಿಲ್ಲದ ಭೂಮಿಗಳ ಹಕ್ಕುಗಳನ್ನು ವಿಚಾರಿಸತೊಡಗಿತು. ದೇವಾಲಯ, ಮಸೀದಿ ಮೊದಲಾದ ಶಾಶ್ವತ ಸಂಸ್ಥೆಗಳ ಅಧಿಕೃತ ಭೂಮಿಗಳನ್ನು ಕಾಯಂ ಆಗಿ ಮುಂದುವರಿಸತಕ್ಕುದೆಂಬ ನಿಯಮ ಆ ಕಾಯಿದೆಯಲ್ಲಿಯೇ ಇತ್ತು. ಆದರೆ ಅಧಿಕೃತವೆಂಬುದನ್ನು ಸಿದ್ಧಪಡಿಸುವ ಭಾರ ಹೊತ್ತವರು ಅನುಭವಿಸುವವರೇ. ಎಂಟು-ಒಂಬತ್ತು ಶತಮಾನಗಳ ಹಿಂದಿನ ಶಿಲೆ ಬೇರೊಂದು ಗುಡಿಯ ಗೋಡೆಯಲ್ಲಿ ಸೇರಿದ್ದರೆ, ಅದನ್ನು ಓದಬಲ್ಲವರೇ ಊರಿನಲ್ಲಿ ಇಲ್ಲದಿದ್ದರೆ, ಆ ಸಾಕ್ಷಿಯಿಂದ ಬಸದಿಗೆ ಬರುವ ಪ್ರಯೋಜನವೇನು? ಹಳೆಯ ಧಾರವಾಡ ಸೀಮೆಯ ನೂರಾರು ಶಾಸನಗಳನ್ನು ವಾಲ್ಟರ್ ಎಲಿಯಟ್ಟರು ಅದಕ್ಕೆ ಮೊದಲೇ ಪ್ರತಿಮಾಡಿಸಿದ್ದರು. ಅದು ಇತಿಹಾಸದ ಆಸಕ್ತಿಯಿಂದ ನಡೆದ ಕಾರ್ಯವಾಗಿತ್ತು.

ನರಗುಂದದ ದುರಂತ ಈ ವಾತಾವರಣದಲ್ಲಿಯೇ ಸಂಭವಿಸಿತು. ಸಂಸ್ಥಾನಿಕನಾದ ಭಾಸ್ಕರರಾವ ಭಾವೆಯು, ಜನರ ಬಾಯಲ್ಲಿ ಬಾಬಾಸಾಹೇಬನು, ದತ್ತಕಕ್ಕೆ ಅನುಮತಿ ಸಿಗದೆ ನೊಂದಿದ್ದನು. ಇನಾಮುಗಳ ವಿಚಾರಣೆ ಮತ್ತು ಆಯುಧಗಳನ್ನು ಕಸಿದುಕೊಳ್ಳುವ ಆಜ್ಞೆ ಇಡೀ ಸೀಮೆಯನ್ನು ಕಲಕಿದ್ದವು. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ ಹತನಾದನು. ಜೂನ್ ಮೊದಲಲ್ಲಿ ನರಗುಂದ ಇಂಗ್ಲಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಇದನ್ನು ಕೇವಲ ಧರ್ಮರಕ್ಷಣೆಯ ಬಂಡಾಯವೆಂದು ವರ್ಣಿಸುವುದು ಸರಿಯಲ್ಲ, ಕೇವಲ ಸ್ವಾರ್ಥದ್ದೆನ್ನುವುದೂ ಸರಿಯಲ್ಲ. ತಲೆತಲಾಂತರದ ಹಕ್ಕು ಒಬ್ಬ ಅಧಿಕಾರಿಯ ಟಿಪ್ಪಣಿಯ ಮೇಲೆ ನಿಂತಿದೆಯೆಂಬ ಭಯ ಸಂಸ್ಥಾನಿಕನಿಗೂ ಪೂಜಾರಿಗೂ ಸಮಾನವಾಗಿತ್ತು.

ಸರ್ಕಾರವೂ ಪಾಠವನ್ನು ಕಲಿಯಿತೆನ್ನಬೇಕು. 1863ರ 2ನೆಯ ಮುಂಬಯಿ ಕಾಯಿದೆಯು ಹಕ್ಕಿನ ಆಳವಾದ ವಿಚಾರಣೆಯನ್ನು ಬಿಟ್ಟು, ಖಾಸಗಿ ಇನಾಮುದಾರರಿಂದ ಆಕಾರದ ನಾಲ್ಕನೆಯ ಒಂದಂಶದಷ್ಟು ಜೋಡಿಯನ್ನು ಪಡೆದು ಭೂಮಿಯನ್ನು ಕಾಯಂ ಮಾಡುವ ಮಾರ್ಗವನ್ನು ಹಿಡಿಯಿತು. ಧರ್ಮಸಂಸ್ಥೆಗಳ ಭೂಮಿಗೆ ಅದು ಹಾಕಿದ ಕಟ್ಟಳೆ ಬೇರೆ: ನಜರಾಣೆ ಇಲ್ಲ, ಆದರೆ ಆ ಭೂಮಿಯನ್ನು ಸಂಸ್ಥೆಯಿಂದ ಪರಭಾರೆ ಮಾಡುವಂತೆಯೂ ಇಲ್ಲ. ಪರಭಾರೆಯ ಈ ನಿಷೇಧವನ್ನು ಓದಿದಾಗ ಶಾಸನಗಳ ಶಾಪಶ್ಲೋಕಗಳ ನೆನಪಾಗದೆ ಇರದು. ಅರವತ್ತು ಸಾವಿರ ವರ್ಷಗಳ ಕ್ರಿಮಿಜನ್ಮದ ಭಯ ಮಾತ್ರ ಕಾಯಿದೆಯಲ್ಲಿಲ್ಲ. ಇನಾಮುಗಳ ವರ್ಗೀಕರಣದಲ್ಲಿ ದೇವಸ್ಥಾನ ಇನಾಮು ಮೂರನೆಯ ವರ್ಗವಾಗಿ ದಾಖಲಾಯಿತು. ಮುಂಬಯಿ ರಾಜ್ಯವು 1952ರ ಕಾಯಿದೆಯ ಮೂಲಕ ಖಾಸಗಿ ಇನಾಮುಗಳನ್ನು ರದ್ದುಪಡಿಸಿದಾಗಲೂ ಧರ್ಮಸಂಸ್ಥೆಗಳ ಇನಾಮುಗಳನ್ನು ಹೊರಗಿರಿಸಿತು.

ಭಾರತದ ಸಂವಿಧಾನವು ಹಳೆಯ ದಾನವಾಕ್ಯದ ಎರಡು ಅರ್ಥಗಳನ್ನು ಎರಡು ಅನುಚ್ಛೇದಗಳಲ್ಲಿ ಬೇರ್ಪಡಿಸಿತು. ಧಾರ್ಮ ಸಂಪ್ರದಾಯವೊಂದು ತನ್ನ ಧರ್ಮದ ವಿಷಯಗಳನ್ನು ತಾನೇ ನಿರ್ವಹಿಸುವ ಹಕ್ಕು 26ನೆಯ ಅನುಚ್ಛೇದದಲ್ಲಿದೆ. ಯಾವುದೇ ಒಂದು ನಿರ್ದಿಷ್ಟ ಧರ್ಮದ ಪೋಷಣೆಗೆ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸಕೂಡದೆಂಬುದು 27ನೆಯದರಲ್ಲಿದೆ. ಧರ್ಮಸಂಸ್ಥೆಯು ತೆರಿಗೆಯನ್ನೇ ಕೊಡಬೇಕಾಗಿಲ್ಲವೆಂಬ ಮಾತು ಎರಡರಲ್ಲಿಯೂ ಇಲ್ಲ. ವಿನಾಯಿತಿಯು ಶಾಸನಸಭೆಯ ಅನುಗ್ರಹ, ಸ್ವಾತಂತ್ರ್ಯ ಹಕ್ಕು.

ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು ವಿಶದಪಡಿಸಿದುದು ಜೈನ ದೇವಾಲಯವೊಂದರ ವ್ಯಾಜ್ಯದಲ್ಲಿಯೇ. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನು ಶ್ವೇತಾಂಬರ ಜೈನ ದೇವಾಲಯದ ವ್ಯವಸ್ಥಾಪಕರಾದ ರತಿಲಾಲ ಪಾನಾಚಂದ ಗಾಂಧಿಯವರು ಪ್ರಶ್ನಿಸಿದರು. 1954ರ ಮಾರ್ಚ್ 18ರಂದು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಬರೆದ ತೀರ್ಪು ಹೊರಬಿತ್ತು. ಆಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ರೋಣ-ನರಗುಂದಗಳ ಬಸದಿಗಳಿಗೂ ಗುಡಿಗಳಿಗೂ ಈ ತೀರ್ಪು ನೇರವಾಗಿ ಅನ್ವಯಿಸುತ್ತಿತ್ತು. 1956ರ ಏಕೀಕರಣದ ಅನಂತರವೂ ಆ ಕಾಯಿದೆ ಈ ಭಾಗದಲ್ಲಿ ಬಹುಕಾಲ ಜಾರಿಯಲ್ಲಿತ್ತು. ನ್ಯಾಸಗಳು ವರಮಾನದ ಶೇಕಡಾ 2ರಷ್ಟನ್ನು ಆಡಳಿತ ನಿಧಿಗೆ ಸಲ್ಲಿಸಬೇಕೆಂಬ ನಿಯಮವು ಧರ್ಮದ ಮೇಲಣ ತೆರಿಗೆಯೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅದು ತೆರಿಗೆಯಲ್ಲ, ನ್ಯಾಸಗಳ ಮೇಲ್ವಿಚಾರಣೆಯ ಸೇವೆಗೆ ಪ್ರತಿಯಾದ ಶುಲ್ಕವೆಂದು ನಿರ್ಣಯವಾಯಿತು. ಆದರೆ ಮೂಲ ಉದ್ದೇಶ ನೆರವೇರಲು ಸಾಧ್ಯವಿರುವಾಗಲೂ ದೇವದ್ರವ್ಯವನ್ನು ಬೇರೆ ಕಾರ್ಯಕ್ಕೆ ತಿರುಗಿಸಬಹುದೆಂಬ ವಿಧಿಗಳನ್ನೂ, ಧರ್ಮಸಂಸ್ಥೆಗೆ ಸರ್ಕಾರದ ಅಧಿಕಾರಿಯನ್ನೇ ನ್ಯಾಸಧಾರಿಯನ್ನಾಗಿ ನೇಮಿಸಬಹುದೆಂಬ ವಿಧಿಯನ್ನೂ ಅದು ಅನೂರ್ಜಿತವೆಂದು ಸಾರಿತು. ಗಾವರವಾಡದ ಶಾಸನವನ್ನಾಗಲಿ ಅರುವಣದ ಕಟ್ಟಳೆಯನ್ನಾಗಲಿ ನ್ಯಾಯಮೂರ್ತಿಗಳ ಮುಂದೆ ಯಾರೂ ಇಡಬೇಕಾಗಿರಲಿಲ್ಲ. ಆದರೂ ಗೆರೆ ಬಿದ್ದುದು ಬೆಳ್ವೊಲದ ಶಾಸನಗಳಲ್ಲಿ ಬಿದ್ದಿದ್ದ ಸ್ಥಳದಲ್ಲಿಯೇ: ಅಲ್ಪವಾದ ಸಲುವಳಿ ಸಹ್ಯ, ಉದ್ದೇಶದ ಪಲ್ಲಟ ಅಸಹ್ಯ, ಚಾಟಭಟರಿಗೆ ಪ್ರವೇಶವಿಲ್ಲ.

ಭೂಮಿಯ ಮಾತು ಮಾತ್ರ ಬೇರೆಯಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ ಗೇಣಿದಾರರು ಉಳುತ್ತಿದ್ದ ದತ್ತಿಭೂಮಿಗಳೂ ಸರ್ಕಾರಕ್ಕೆ ಸೇರಿ, ಉಳುವವರ ಹೆಸರಿಗೆ ಹೋದವು. ಗೇಣಿಯ ಕಾಳಿನಿಂದ ಪೂಜೆ-ಆಹಾರದಾನಗಳನ್ನು ನಡೆಸುತ್ತಿದ್ದ ಸಂಸ್ಥೆಗಳಿಗೆ ಅದರ ಪ್ರತಿಯಾಗಿ ವರ್ಷಾಶನವನ್ನು ಗೊತ್ತುಪಡಿಸಲಾಯಿತು. ಅರುವಣದ ಕಾಲದಲ್ಲಿ ಭೂಮಿ ಬಸದಿಯ ಕೈಯಲ್ಲಿದ್ದು ನಿಯತವಾದ ಸಣ್ಣ ಮೊತ್ತ ಅರಸನಿಗೆ ಹೋಗುತ್ತಿತ್ತು. ಈಗ ಭೂಮಿ ಕೈಬಿಟ್ಟು, ನಿಯತವಾದ ಸಣ್ಣ ಮೊತ್ತವೊಂದು ಸರ್ಕಾರದಿಂದ ಬಸದಿಗೆ ಬರುವಂತಾಯಿತು.